ದೊಡ್ಡವ್ವ ಎಡಗಡೆ ಇಲ್ಲ

ಜೂನ್ 13, 2009. ಕಮಲಾಪುರದ ಮನೆ, ಮಧ್ಯಾಹ್ನ.

ಗೆಳೆಯರೇ, ಹೋದ ವರ್ಷ ದೊಡ್ಡವ್ವ ರೊಟ್ಟಿ ಬಡಿಯುತ್ತ ಮಾತಾಡಿದ್ದನ್ನು, ನನ್ನ ಎರಡೂ ಕಿವಿಗಳಲ್ಲಿ ಪುಟ್ಟ ಮೈಕ್ ಇಟ್ಟುಕೊಂಡು ರೆಕಾರ್ಡ್ ಮಾಡಿದ್ದೆ. ಹೆಡ್‌ಫೋನಿನಲ್ಲಿ ಕೇಳಿದರೆ ಅವಳು ಎಡಗಡೆಯೇ ಕೂತಂತಿರುತ್ತಿತ್ತು. ಈಗ ಅವಳಿಲ್ಲ. ಕಣ್ಣು ಕಾಣದ ಅವ್ವ ಕಲಬುರಗಿಗೆ ಬಂದಾಗಲೆಲ್ಲ ನನ್ನ ಕಂಪ್ಯೂಟರಿನಲ್ಲಿ ಅದನ್ನು ಕೇಳಿ, ಎಡಕ್ಕೆ ತಿರುಗಿ ತನ್ನ ಅಕ್ಕನಿಗೆ ಉತ್ತರ ಕೊಡುತ್ತಿದ್ದಳು.

ಅವಳು ಊರಲ್ಲೇ ಕೇಳಲೆಂದು ಇವತ್ತು ಕಲಬುರಗಿಯ ಜಗತ್ ಸರ್ಕಲ್ಲಿನ ಅಂಗಡಿಯಲ್ಲಿ ಅದನ್ನು ಮೊಬೈಲಿಗೆ ಹಾಕಿಸಿ ತಂದೆ. ಹೆಡ್‌ಫೋನ್ ಕಿವಿಗಿಟ್ಟು ಹಚ್ಚಿದರೆ ಅವ್ವ ಎಡಕ್ಕೆ ತಿರುಗಲಿಲ್ಲ. ಎರಡೂ ಕೈಯಿಂದ ತಲೆ ಹಿಡಿದುಕೊಂಡಳು.

"ಅಕ್ಕ ಬಾಜೂಕ ಇಲ್ಲ. ನನ್ನ ತಲ್ಯಾಗ ಕುಂತು ರೊಟ್ಟಿ ಬಡ್ಯಾಕತ್ತಾಳ. ತೆಗಿ!"

"ಅಕಿನೇ ಅವ್ವಾ, ದೊಡ್ಡವ್ವನೇ."

"ಅಕ್ಕ ನನ್ನ ಒಳಗ ಯಾಕ ಬರ್ತಾಳ?"

ಅಂಗಡಿಯವನಿಗೆ ಫೋನ್ ಮಾಡಿದೆ. "ಫೈಲ್ ಭಾಳ ದೊಡ್ಡದಿತ್ತ್ರೀ, ಸಣ್ಣ ಎಂಪಿತ್ರೀ ಮಾಡೀನಿ. ಒಂದ್ ಮಾತೂ ಹೋಗಿಲ್ಲ" ಎಂದ. ನಿಜ, ಮಾತು ಹೋಗಿರಲಿಲ್ಲ. ಎರಡೂ ಕಿವಿಗೆ ಒಂದೇ ಸದ್ದು ಬರುವಂತೆ ಮಾಡಿದ್ದರಿಂದ, ಎಡಗಿವಿಯ ಸದ್ದಿಗೂ ಬಲಗಿವಿಯ ಸದ್ದಿಗೂ ಇದ್ದ ಕೂದಲೆಳೆಯಷ್ಟು ವ್ಯತ್ಯಾಸ ಹೋಗಿತ್ತು. ದೊಡ್ಡವ್ವ ಕೂತಿದ್ದದ್ದು ಅದರ ಮೇಲೆ.

ನಾಳೆ ಕಂಪ್ಯೂಟರನ್ನೇ ಬಸ್ಸಿನಲ್ಲಿ ಹೊತ್ತು ತರುತ್ತೇನೆ ಎಂದು ಅವ್ವನಿಗೆ ಮಾತು ಕೊಟ್ಟಿದ್ದೇನೆ. ನಾನಿನ್ನೂ ಹೊರಟಿಲ್ಲ, ಅವಳು ಆಗಲೇ ತನ್ನ ಎಡಕ್ಕೆ ಒಂದು ಮಣೆ ಹಾಕಿದ್ದಾಳೆ. ಕಂಪ್ಯೂಟರಿಗೇ ಇರಬೇಕು ಎಂದುಕೊಂಡಿದ್ದೇನೆ.