ಹೊಸ್ತಿಲು ಹೊತ್ತ ವರ್ಷ ಯಾವುದು

ದೊಡ್ಡನೆಕ್ಕುಂದಿಯ ನಮ್ಮ ಅಂಗಡಿಯನ್ನು ತಾತ ಕಟ್ಟಿದಾಗ ಅದರ ಬಾಗಿಲು ಊರೊಳಗಿನ ಓಣಿಗಿತ್ತು. ಕಟ್ಟಡದ ಹಿಂದಿನ ಅರ್ಧ ಮನೆ, ಅದರಾಚೆ ರಾಗಿ ಹೊಲ. ಹೊಲದ ಮೇಲೆ ರಿಂಗ್ ರೋಡು ಬಂದಾಗ ಅಂಗಡಿಯನ್ನು ಆ ಕಡೆಗೆ ತಿರುಗಿಸಿ, ಓಣಿಯ ಕಡೆಯ ಅರ್ಧವನ್ನು ಮನೆ ಮಾಡಿಕೊಂಡರು. ಇಷ್ಟು ಖಚಿತ. ಯಾವ ವರ್ಷ ಎಂದು ಮಾತ್ರ ಹೇಳಲಾರೆ. ಪತ್ರಿಕೆಯಲ್ಲಿ ಹದಿನೈದು ವರ್ಷದಿಂದ ಬೇರೆಯವರ ವರದಿಗಳ ಅಂಚಿನಲ್ಲಿ ‘ಯಾವಾಗ?’ ಎಂದು ಬರೆದು ವಾಪಸು ಕಳಿಸುತ್ತಿರುವವನು ನಾನು.

ಇ-ಖಾತೆಗಾಗಿ ಹಳೆಯ ಕಾಗದ ತೆಗೆದಾಗ ಈ ಪ್ರಶ್ನೆ ನನ್ನ ಮೇಲೇ ಬಂತು. ತಾತ ಹೋದ ಮೇಲೆ ಅಪ್ಪ, ಚಿಕ್ಕಪ್ಪ ಮಾಡಿಕೊಂಡ ಪಾಲು ಪತ್ರದಲ್ಲಿ ಅಂಗಡಿಯಿರುವ ಅರ್ಧ ಕಿರಿಯವನಿಗೆ, ವಾಸದ ಅರ್ಧ ಹಿರಿಯವನಿಗೆ ಎಂದಿದೆ. ದಿಕ್ಕು ಬರೆದಿಲ್ಲ. ಪಾಲಿಗೆ ಮೊದಲೇ ಅಂಗಡಿ ತಿರುಗಿದ್ದರೆ, ಅದನ್ನು ಇವತ್ತಿಗೂ ನಡೆಸುತ್ತಿರುವ ಚಿಕ್ಕಮ್ಮನ ಜಾಗ ಅವರದೇ. ಆಮೇಲೆ ತಿರುಗಿದ್ದರೆ ಕಾಗದದ ಪ್ರಕಾರ ಅದು ನನ್ನದು. ಅಣ್ಣತಮ್ಮಂದಿರಿಬ್ಬರೂ ಈಗಿಲ್ಲ.

ಚಿಕ್ಕಮ್ಮ ಪತ್ರ ಬರಹಗಾರರನ್ನು ಅಂಗಡಿಗೇ ಕರೆಸಿ ಬಾಗಿಲು ತೋರಿಸಿದರು. “ನೋಡಪ್ಪ, ಕಲ್ಲು ಎಂಗೆ ಸವೆದೈತೆ. ಪಾಲು ಆಗೋಕ್ ಮುಂಚಿಂದ್ಲೂ ತುಳೀತಾವ್ರೆ ಜನ.”

ಬರಹಗಾರರು ಬಗ್ಗಿ ಫೋಟೊ ತೆಗೆದರು. “ಸಾಕ್ಷಿ ಬಾಗ್ಲಲ್ಲೇ ಐತಲ್ಲ ಸಾರ್. ನೀವೊಂದು ಅಫಿಡವಿಟ್ ಕೊಟ್ಬಿಡಿ, ಮುಗೀತು.”

ಸವೆದಿರುವುದು ನಿಜ. ಆದರೆ ನಮ್ಮ ಮನೆತನದಲ್ಲಿ ಅಂಗಡಿಯ ಬಾಗಿಲು ಬದಲಿಸಿದರೂ ಹೊಸ್ತಿಲು ಬದಲಿಸುವುದಿಲ್ಲ. ಲಕ್ಷ್ಮಿ ಅದರ ಮೇಲಿರುತ್ತಾಳೆಂದು ಹಳೆಯ ಕಲ್ಲನ್ನೇ ಕಿತ್ತು ತಂದು ಕೂಡಿಸುತ್ತಾರೆ. ಆ ಗುಳಿ ಬಿದ್ದದ್ದು ಓಣಿಯವರ ಕಾಲಿಗೆ. ಅದನ್ನು ಹೇಳಿದೆ.

“ಇವ್ರ ಮುಂದೆ ಹೇಳ್ಬೇಕಿತ್ತಾ ಅದ್ನ?” ಎಂದರು ಚಿಕ್ಕಮ್ಮ. “ಪೇಪರ್ನೋರ ಬುದ್ಧಿ!”

ಕಲ್ಲು ಹೊತ್ತದ್ದನ್ನು ನಾನು ನೋಡಿದ್ದೇನೆ. ಆಗ ನನಗೆ ಎಂಟೋ ಒಂಬತ್ತೋ; ಪಾಲು ಪತ್ರದ ತಾರೀಖೂ ಆ ಎರಡು ವರ್ಷದ ನಡುವೆಯೇ ಬೀಳುತ್ತದೆ. ಒಂದು ತುದಿ ಅಪ್ಪ ಹಿಡಿದಿದ್ದರು, ಇನ್ನೊಂದು ಚಿಕ್ಕಪ್ಪ. ಪಾಲಾದ ಮೇಲೆ ಅವರಿಬ್ಬರೂ ಮಾತು ಬಿಟ್ಟಿದ್ದರು. ಅಂದಮೇಲೆ ಇದು ಪಾಲಿಗೆ ಮೊದಲು ನಡೆದಿರಬೇಕು. ಆದರೆ ಅದೇ ನೆನಪಿನಲ್ಲಿ ಅವರು ಮನೆಯೊಳಗಿಂದ ಬರಲಾಗದೆ ಓಣಿ ಸುತ್ತಿ ಬರುತ್ತಾರೆ. ನಡುವೆ ಗೋಡೆ ಅಡ್ಡ ಇತ್ತು. ಆ ಗೋಡೆ ಎದ್ದದ್ದೇ ಪಾಲಾದ ಮೇಲೆ.

“ಅವತ್ತು ಅವರಿಬ್ಬರೂ ಮಾತಾಡ್ತಿದ್ರಾ ಚಿಕ್ಕಮ್ಮ?”

“ಮಾತಾಡ್ದೆ ಅಷ್ಟು ದೊಡ್ಡ ಕಲ್ಲು ಎತ್ತಕ್ಕಾಯ್ತದೇನೋ? ಎತ್ತು, ಇಳ್ಸು ಅಂತಾದ್ರೂ ಅನ್ಬೇಕಲ್ಲ.”

“ಗೋಡೆ?”

“ಗೋಡೆ ಎಲ್ಲಿತ್ತು? ಇಟ್ಟಿಗೆ ರಾಶಿ ಇತ್ತು.” ತಕ್ಕಡಿ ಒರೆಸಿಟ್ಟು, “ನಂಗೂ ಗ್ಯಾಪ್ಕ ಇಲ್ಲ ಕಣೋ. ಆದ್ರೆ ಜಾಗ ನಂದು ಅಂತ ಗೊತ್ತು” ಎಂದರು.

ಗೋಡೆಯ ನೆನಪು ನನಗೆ ಲಾಭದ್ದು. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಹಾಗೆಂದು ಅದನ್ನು ಬಿಟ್ಟುಬಿಟ್ಟರೆ ಒಳ್ಳೆಯವನೆನಿಸಿಕೊಳ್ಳಲು ಬಿಟ್ಟೆನೇ ಎಂಬ ಅನುಮಾನ. ನಾಲ್ಕು ದಿನ ಬಿಟ್ಟು ಅಂಗಡಿಗೆ ಹೋಗಿ ಸುಲಭದ ದಾರಿ ಹೇಳಿದೆ: ನನಗೆ ಹಕ್ಕಿದ್ದರೆ ಅದನ್ನು ಚಿಕ್ಕಮ್ಮನಿಗೆ ಬಿಟ್ಟುಕೊಟ್ಟು ಪತ್ರ ಮಾಡಿಸುತ್ತೇನೆ. ಅದಕ್ಕೆ ಏನನ್ನೂ ನೆನಪು ಮಾಡಿಕೊಳ್ಳಬೇಕಿಲ್ಲ.

ಅವರು ಗಿರಾಕಿಗೆ ಕೊಡಬೇಕಿದ್ದ ಸೋಪನ್ನು ಕೈಯಲ್ಲೇ ಹಿಡಿದು ನಿಂತರು. “ನೀನು ಬಿಟ್ಕೊಟ್ಟೆ ಅಂದ್ರೆ ಇಷ್ಟು ವರ್ಷ ನಿನ್ ಜಾಗ್ದಲ್ಲಿ ಕೂತಿದ್ದೆ ಅಂತಾಯ್ತದೆ. ಬ್ಯಾಡ. ನಂದು ಅಂತ ಬರಿ, ಇಲ್ಲಾಂದ್ರೆ ಬರೀಬ್ಯಾಡ.”

“ಅಕ್ಕ, ಸೋಪು” ಎಂದ ಗಿರಾಕಿ.

ಪತ್ರ ಬರಹಗಾರರಿಗೆ ಫೋನ್ ಮಾಡಿ, ನೆನಪಿರುವುದನ್ನೆಲ್ಲ, ಒಂದಕ್ಕೊಂದು ಹೊಂದದಿದ್ದರೂ, ಹಾಗೇ ಬರೆದುಕೊಡಬಹುದೇ ಎಂದು ಕೇಳಿದೆ.

“ಬರೀಬೋದು ಸಾರ್. ಅದ್ರಿಂದ ಜಾಗ ಯಾರ್ದಾಗುತ್ತೆ?”

ಗೊತ್ತಿಲ್ಲ ಎಂದೆ.