ಸೀರೆ ಪಿನ್ನು, ಕಾರಿನ ಗಾಲಿ

ಅಂದು ನಮ್ಮ ಅಂಗಳ ನೋಡಿದ್ದರೆ ಯಾರಿಗಾದರೂ ಹೇಸಿಕೆ ಬರುತ್ತಿತ್ತು. ಬೆಳಗ್ಗೆ ನಾನು ಹಾಕಿದ ರಂಗೋಲಿಯ ಮೇಲೇ ಗೋಣಿಚೀಲ ಹಾಸಿಕೊಂಡು ಯಜಮಾನರು ಕಾರಿನ ಮುಂದಿನ ಗಾಲಿ ಬಿಚ್ಚಿದ್ದರು. ಹಿಂದಿನ ದಿನ ಸಿರುಗುಪ್ಪದಿಂದ ಬರುವಾಗ ಸ್ಟೇರಿಂಗು ಕಟಕಟ ಎಂದಿತ್ತಂತೆ. ಸ್ಟೇರಿಂಗಿಗೂ ಗಾಲಿಗೂ ನಡುವಿನ ಸರಳಿನ ತುದಿ ಸವೆದಿದೆ ಎಂದು ಮೊಬೈಲಿನ ವಿಡಿಯೋ ನೋಡಿ ತಾವೇ ತೀರ್ಮಾನಿಸಿ, ನಮ್ಮೂರ ಗಾಂಧಿನಗರದ ಬಿಡಿಭಾಗದ ಅಂಗಡಿಯಿಂದ ಹೊಸದು ತಂದಿದ್ದರು. ಸಂಜೆ ತುಂಬು ಬಸುರಿ ಮಗಳನ್ನು ಕುರುಗೋಡಿನ ಬಸವಣ್ಣನ ದರ್ಶನಕ್ಕೆ ಅದೇ ಕಾರಿನಲ್ಲಿ ಕರೆದೊಯ್ಯಬೇಕಿತ್ತು.

ಹಳೆಯ ತುದಿ ಕಚ್ಚಿಕೊಂಡು ಕುಳಿತಿತ್ತು. ಅದನ್ನು ಬಡಿಯಲು ಅವರು ಹಿಡಿದದ್ದು ನಾನು ಶೇಂಗಾ ಚಟ್ನಿ ಕುಟ್ಟುವ ಕಬ್ಬಿಣದ ಹಾರೆ! ಒರೆಸಲು ರೊಟ್ಟಿ ಸುತ್ತಿಡುವ ಬಿಳಿ ಬಟ್ಟೆ. ಕಪ್ಪು ಗ್ರೀಸು, ಅದರೊಳಗೆ ಮಣ್ಣು, ಸತ್ತ ಹುಳ.

ಅಂತೂ ಹೊಸದು ಕೂತಿತು. ನಟ್ಟು ಬಿಗಿದು ನನ್ನತ್ತ ಕೈ ಚಾಚಿದರು.

“ಲೇ, ನಿನ್ನ ಬಳೆಗೆ ಸಿಗಿಸಿದ್ದು ಒಂದು ಪಿನ್ನು ಕೊಡು.”

“ಯಾಕ್ರಿ?”

“ನಟ್ಟು ಸಡ್ಲ ಆಗಬಾರ್ದಂತ ಅಡ್ಡ ಪಿನ್ನು ಹಾಕ್ತಾರ. ಅದು ಎಲ್ಲೋ ಬಿತ್ತು. ಇದನ್ನ ಸಿಗಿಸಿದ್ರ ಆತು. ಮ್ಯಾಲೆ ಬಸವಣ್ಣ ಅದಾನ.”

“ಸೀರಿ ನಿರಿಗಿ ಹಿಡಿಯೋ ಪಿನ್ನು ಗಾಲಿ ಹಿಡಿತೈತೇನ್ರಿ? ಬಸವಣ್ಣಗ ನಟ್ಟು ಕಾಯೋ ಕೆಲಸ ಹಚ್ಚಬ್ಯಾಡ್ರಿ!”

“ಅಪ್ಪಾ, ಗಾಲಿಗೂ ಒಂದು ಸೀರಿ ಉಡಿಸಿಬಿಡು,” ಎಂದಳು ಕಟ್ಟೆಯ ಮೇಲೆ ಕುಳಿತ ಮಗಳು.

“ಏನಾಗಂಗಿಲ್ಲ ಬಿಡು” ಎನ್ನುತ್ತಾ ಅವರು ಕಿಟಕಿಯಲ್ಲಿದ್ದ ಪಿನ್ನೊಂದನ್ನು ಬಗ್ಗಿಸಿ ಸಿಗಿಸಿಯೇಬಿಟ್ಟರು. ಗಾಲಿ ಮತ್ತೆ ಕೂರಿಸಿ, ಅದರಡಿ ಇಡಲು ನಿಂಬೆಹಣ್ಣನ್ನೂ ಕೇಳಿದರು. ಗ್ರೀಸಿಗಿಂತ ಆ ಭಕ್ತಿಯೇ ನನಗೆ ಹೆಚ್ಚು ಅಸಹ್ಯವಾಯಿತು.

ಕಾರಿನ ಕೀಲಿ ಒಯ್ದು ದೇವರ ಕೋಣೆಯಲ್ಲಿ ಇಟ್ಟೆ. ಮೈಕೈ ಹಸನಿಲ್ಲದೆ ನಮ್ಮಲ್ಲಿ ಯಾರೂ ಆ ಹೊಸಿಲು ದಾಟುವುದಿಲ್ಲ. ಅವರು ಸಾಬೂನು, ಸೀಗೆಪುಡಿ, ಕೊನೆಗೆ ಬೂದಿ ಹಚ್ಚಿ ತಿಕ್ಕಿದರೂ ಉಗುರಿನ ಕಪ್ಪು ಹೋಗಲಿಲ್ಲ. ಮಗಳೂ ಎದ್ದು ಕೀಲಿ ತಂದುಕೊಡಲಿಲ್ಲ.

“ಕೀಲಿ ಕೊಡಲೇ.”

“ಸರಿಯಾದ ಪಿನ್ನು ತರ್ರಿ, ಕೊಡ್ತೀನಿ.”

ಗೊಣಗುತ್ತಾ ನಡೆದುಕೊಂಡೇ ಗಾಂಧಿನಗರಕ್ಕೆ ಹೋಗಿ ತಂದರು. ಮತ್ತೆ ಗಾಲಿ ಬಿಚ್ಚಿ ಇಕ್ಕಳ ತಾಗಿಸಿದ್ದೇ ತಡ, ಸೀರೆ ಪಿನ್ನು ಬಗ್ಗಿಸಿದಲ್ಲೇ ಪಟ್ಟನೆ ಮುರಿಯಿತು. ಅವರು ಆ ತುಂಡನ್ನು ಅತ್ತ ಎಸೆದು, ಸರಿಯಾದ ಪಿನ್ನು ಸಿಗಿಸಿ ಗಾಲಿ ಹಾಕಿದರು. ನಿಂಬೆಹಣ್ಣನ್ನು ಆಮೇಲೆ ನಾನೇ ಇಟ್ಟೆ.

ದಾರಿಯಲ್ಲಿ ಗಾಲಿಯ ನೇರ ನೋಡುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ನಿಧಾನವಾಗಿ ಕುರುಗೋಡು ಮುಟ್ಟಿದೆವು. ಬಸವಣ್ಣನ ಮುಂದೆ ಮುಗಿದ ಅವರ ಕೈಯ ಉಗುರುಗಳು ಇನ್ನೂ ಕಪ್ಪಗಿದ್ದವು. ಥೂ ಅನ್ನಿಸಿತು. ಪಕ್ಕದಲ್ಲಿ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದಳು. ಇವಳು ಸುಖವಾಗಿ ಬಂದು ಮುಟ್ಟಿದಳಲ್ಲ, ಅಷ್ಟು ಸಾಕೆಂದು ನಾನೂ ಕೈ ಮುಗಿದೆ. ಆ ಹಾರೆಯಲ್ಲಿ ಮಾತ್ರ ಇಂದಿಗೂ ಚಟ್ನಿ ಕುಟ್ಟಿಲ್ಲ.