ಎದುರು ನಿಂತು ಕಲಿತ ಕೈ

ಕ್ಷೌರದಂಗಡಿಯ ಹಿಂದೆಯೇ ಆ ಗಂಡ ಹೆಂಡತಿಯ ಮನೆ. ಅಂಗಡಿಯ ದೊಡ್ಡ ಕನ್ನಡಿಯ ಪಕ್ಕದಲ್ಲಿ ಒಂದು ಕಿರುಬಾಗಿಲು, ಬಾಗಿಲಾಚೆ ಅಡುಗೆಮನೆ. ಒಲೆಯ ಮುಂದೆ ನಿಂತು ಪರದೆ ಸರಿಸಿದರೆ ಕುರ್ಚಿಯಲ್ಲಿ ಕೂತವರ ಮುಖ, ಅವರ ಹಿಂದೆ ನಿಂತು ಕತ್ತಿ ಆಡಿಸುವ ಗಂಡನ ಕೈ, ಎರಡೂ ನೇರವಾಗಿ ಕಾಣುತ್ತಿದ್ದವು. ಮದುವೆಯಾಗಿ ಬಂದ ದಿನದಿಂದ ಹದಿನೆಂಟು ವರ್ಷ ಆಕೆ ಅದನ್ನು ನೋಡಿದ್ದಳು. ನೋಡು ಎಂದು ಯಾರೂ ಹೇಳಿರಲಿಲ್ಲ, ನೋಡಬೇಡ ಎಂದೂ ಹೇಳಿರಲಿಲ್ಲ.

ಗಂಡನನ್ನು ಬೀದಿಯವರೆಲ್ಲ ಕತ್ತಿ ಮೇಷ್ಟ್ರು ಎನ್ನುತ್ತಿದ್ದರು. ಕತ್ತರಿ ಹಿಡಿಯುವವರು ಬೇಕಾದಷ್ಟಿದ್ದರು. ಒದ್ದೆ ಕೂದಲನ್ನು ಬಾಚಣಿಗೆಯಲ್ಲಿ ಎತ್ತಿ ಹಿಡಿದು, ಕ್ಷೌರದ ಕತ್ತಿಯನ್ನು ಓರೆಯಾಗಿ ಜಾರಿಸಿ, ತುದಿ ತೆಳುವಾಗುವ ಹಾಗೆ ಕತ್ತರಿಸಲು ಬರುತ್ತಿದ್ದುದು ಇವರಿಗೆ ಮತ್ತು ಇವರು ತಯಾರು ಮಾಡಿದ ಮೂವರು ಶಿಷ್ಯರಿಗೆ ಮಾತ್ರ. ಆ ಅಂಗಡಿಯಲ್ಲೊಂದು ಕಟ್ಟಳೆ ಇತ್ತು. ಶಿಷ್ಯನ ಕೈ ಪಳಗಿತು ಅನ್ನಿಸಿದ ದಿನ ಮೇಷ್ಟ್ರು ತಾವೇ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ತಲೆ ಒಪ್ಪಿಸುತ್ತಿದ್ದರು. ಕಣ್ಣು ಬಿಡುವುದು ಶಿಷ್ಯ ಕತ್ತಿ ಕೆಳಗಿಟ್ಟ ಮೇಲೆಯೇ. ಅದೇ ಪರೀಕ್ಷೆ, ಅದೇ ಸರ್ಟಿಫಿಕೇಟು. ಮೂವರಿಗೂ ಹಾಗೆ ಕೂತಿದ್ದನ್ನು ಆಕೆ ಪರದೆಯ ಸಂದಿಯಿಂದ ಕಂಡಿದ್ದಳು.

ಆಮೇಲೆ ಒಂದು ದೊಡ್ಡ ಜ್ವರ ಬಂತು. ಜ್ವರ ಹೋಯಿತು, ಬಲಗೈಯ ನಡುಕ ಉಳಿಯಿತು. ನಿವೃತ್ತ ಅಂಚೆಯವರ ಕಿವಿ ಕುಯ್ದ ದಿನ ಮೇಷ್ಟ್ರು ಅಂಗಡಿ ಮುಚ್ಚಿಬಿಡೋಣ ಅಂದರು. ನಾನು ಕಲಿಯುತ್ತೇನೆ ಅಂದಳು ಆಕೆ.

“ಹಾಲು ಕಾಯಿಸಿದ ಹಾಗೆ ಅಂದ್ಕೊಂಡ್ಯಾ?”

“ನಿಮ್ಮನ್ನ ಒಲೆ ಮುಂದೆ ನಿಲ್ಲಿಸಿದ್ರೆ ಹಾಲೂ ಉಕ್ಕಿ ಹೋಗತ್ತೆ ರೀ.”

ಬೇರೆ ದಾರಿ ಇರಲಿಲ್ಲ, ಒಪ್ಪಿದರು. ಗೋಣಿ ಹಗ್ಗವನ್ನು ಎಳೆಯೆಳೆಯಾಗಿ ಬಿಚ್ಚಿ, ನೀರಲ್ಲಿ ನೆನೆಸಿ, ಕುರ್ಚಿಯ ಬೆನ್ನಿಗೆ ಕಟ್ಟಿದರು. ಕತ್ತಿ ಕೊಡಲು ಹೋದರೆ ಆಕೆ ಚಾಚಿದ್ದು ಎಡಗೈ. ಊಟ, ಸೂಜಿ, ಪೊರಕೆ ಎಲ್ಲವನ್ನೂ ಬಲಗೈಯಲ್ಲೇ ಮಾಡುವವಳು! ಕೈ ಬದಲಿಸು ಎಂದು ಗದರಿದರು. ಬದಲಿಸಿದಳು, ಕತ್ತಿ ನಾರನ್ನು ಕಚ್ಚಿ ನಿಂತಿತು. ಎಡಗೈಗೆ ಬಂದರೆ ಅದೇ ಕತ್ತಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿತು.

ಇಬ್ಬರಿಗೂ ಕಾರಣ ಹೊಳೆಯಲು ಒಂದು ವಾರ ಹಿಡಿಯಿತು. ಶಿಷ್ಯರು ಮೇಷ್ಟ್ರ ಪಕ್ಕದಲ್ಲಿ ನಿಂತು ಕಲಿತವರು. ಆಕೆ ಕಲಿತದ್ದು ಎದುರು ನಿಂತು. ಅವರ ಬಲಗೈ ಆಕೆಯ ಎಡಕ್ಕಿತ್ತು. ಅಷ್ಟು ವರ್ಷವೂ ಬಲಗೈ ಸೌಟು ಆಡಿಸುತ್ತಿದ್ದಾಗ ಖಾಲಿ ಎಡಗೈ ತನ್ನಷ್ಟಕ್ಕೆ ಅವರ ಕೈಯನ್ನು ಅನುಸರಿಸುತ್ತಿತ್ತು, ಆಕೆಗೇ ಗೊತ್ತಿಲ್ಲದೆ. ಮೇಷ್ಟ್ರಿಗೆ ಇದು ನಗುವ ವಿಷಯವಾಗಲಿಲ್ಲ. ವಿದ್ಯೆ ತಿರುಗಾಮುರುಗಾ ಆಯಿತು ಎಂದು ಮುಖ ಗಂಟಿಕ್ಕಿದರು.

ಮೊದಲು ಬಂದು ಕೂತವರು ಕಿವಿ ಕುಯ್ಸಿಕೊಂಡಿದ್ದ ಅಂಚೆಯವರೇ. ಮುಗಿದ ಮೇಲೆ ತಲೆ ಸವರಿಕೊಂಡು, “ಎಲ್ಲ ಸರಿಯಾಗಿದೆ ತಾಯಿ, ಗಾಳಿ ಮಾತ್ರ ಆ ಕಡೆಯಿಂದ ಬೀಸ್ತಿದೆ” ಅಂದರು. ಕೂದಲು ಇನ್ನೊಂದು ಪಕ್ಕಕ್ಕೆ ಮಲಗಿತ್ತು. ಮುಂದಿನ ತಿಂಗಳೂ ಬಂದರು. ಕೆಲವರು ಎಡಗೈ ಎಂದು ಹೋದರು, ಕೆಲವರು ಹೆಂಗಸು ಎಂದು ಹೋದರು. ಉಳಿದವರು ಮನೆ ನಡೆಯುವಷ್ಟಿದ್ದರು. ದೇವರ ದಯೆ, ಒಂಬತ್ತು ವರ್ಷದಲ್ಲಿ ಆಕೆಯ ಕತ್ತಿ ಯಾರಿಗೂ ತಗಲಲಿಲ್ಲ.

ಮೇಷ್ಟ್ರು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿರುತ್ತಿದ್ದರು. ಯಾರಾದರೂ ಮೆಚ್ಚಿದರೆ, ಹೇಳಿಕೊಟ್ಟವನು ನಾನು ಎನ್ನುತ್ತಿದ್ದರು. ತಮ್ಮ ಕೂದಲು ಬೆಳೆದಾಗ ಮಾತ್ರ ಟೋಪಿ ಹಾಕಿಕೊಂಡು ಬೀದಿಯ ಕೊನೆಯಲ್ಲಿದ್ದ ಹಿರಿಯ ಶಿಷ್ಯನ ಅಂಗಡಿಗೆ ಹೊರಡುತ್ತಿದ್ದರು. ಅಕ್ಕ ಇರುವಾಗ ಇಲ್ಲಿಗ್ಯಾಕೆ ಎಂದು ಆ ಶಿಷ್ಯನೇ ಕೇಳಿದ್ದನಂತೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಿರಾಕಿಗಳು ಚುಚ್ಚಿದರೆ, “ಕುರ್ಚಿ ಖಾಲಿ ಇದ್ರೆ ತಾನೆ ಕೂರೋದು” ಎಂದು ಮೇಷ್ಟ್ರು ನಗುತ್ತಿದ್ದರು. ಎಷ್ಟೋ ಸಲ ಕುರ್ಚಿ ಖಾಲಿಯೇ ಇರುತ್ತಿತ್ತು.

ಒಮ್ಮೆ ಆಕೆ ಕೇಳಿಯೇಬಿಟ್ಟಳು.

“ನಾನು ಕಲ್ತಿದ್ದೀನೋ ಇಲ್ವೋ, ಒಂದು ಮಾತು ಹೇಳಿ.”

“ಅಂಗಡಿ ನಡೀತಿದೆಯಲ್ಲ.”

ಕಡೆಗೆ ಮೇಷ್ಟ್ರ ಕಾಲೂ ಸೋತವು. ಬೀದಿಯ ಕೊನೆ ದೂರವಾಯಿತು. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದಾಗ, ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಆಕೆ ಬಟ್ಟೆ ಹೊದಿಸಿದಳು, ಕೂದಲು ನೆನೆಸಿದಳು, ತೊಗಲಿನ ಪಟ್ಟಿಯ ಮೇಲೆ ಕತ್ತಿಯನ್ನು ಎಂದಿಗಿಂತ ಹೆಚ್ಚು ಹೊತ್ತು ಮಸೆದಳು. ದೇವರನ್ನು ನೆನೆದು ಕತ್ತಿ ಎತ್ತಿದಾಗ, ಕನ್ನಡಿಯಲ್ಲಿ ಮೇಷ್ಟ್ರ ಕಣ್ಣು ತೆರೆದೇ ಇತ್ತು. ಎತ್ತಿದ ಕೈ ಎತ್ತಿದಂತೆಯೇ ಕಾದಳು.

“ಕಣ್ಣು ಮುಚ್ಚಿ.”

“ಯಾಕೆ? ನೀನು ಮಾಡು, ನಾನು ನೋಡ್ತಿರ್ತೀನಿ.”

ಮೊದಲಿನಿಂದ ಕೊನೆಯವರೆಗೆ ಅವರ ನೋಟ ಆ ಎಡಗೈಯನ್ನು ಬಿಟ್ಟು ಕದಲಲಿಲ್ಲ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಆಕೆ ಯಾರಿಗೂ ಕತ್ತರಿಸಿರಲಿಲ್ಲ. ಮೇಷ್ಟ್ರು ನಡುಗುವ ಕೈಯಿಂದ ಕುತ್ತಿಗೆಯ ಹಿಂಬದಿ ಸವರಿ ನೋಡಿಕೊಂಡರು. ಕತ್ತಿ ಒರೆಸಿಡು, ತುಕ್ಕು ಹಿಡಿಯುತ್ತೆ ಅಂದರು. ಅಷ್ಟೇ.

ಈಗ ಮೇಷ್ಟ್ರಿಲ್ಲ. ಹಾಸಿಗೆ ಹಿಡಿದ ಕೊನೆಯ ನಾಲ್ಕು ತಿಂಗಳೂ ಅವರ ಕೂದಲು ಕತ್ತರಿಸಿದವಳು ಆಕೆಯೇ. ಆಗೆಲ್ಲ ಅವರ ಕಣ್ಣು ಮುಚ್ಚಿರುತ್ತಿತ್ತು ಎಂದು, ಮೊನ್ನೆ ನನ್ನ ಕೂದಲು ಕತ್ತರಿಸುವಾಗ ಮಾತಿನ ನಡುವೆ ಹೇಳಿದಳು. ಅಷ್ಟಾದರೂ ಆಯಿತಲ್ಲ ಅಕ್ಕ, ಎಂದೆ.

ಆಕೆ ಕತ್ತಿಯನ್ನು ಒರೆಸಿ ಮಡಚಿಟ್ಟಳು.

“ಅದು ಔಷಧಿಯ ಮಂಪರು. ಕುರ್ಚೀಲಿ ಕೂತಿದ್ದಾಗ ಎಚ್ಚರ ಇತ್ತು.”